ಕೂತು ತೋರಿಸಿದವಳು

ಬೀಗದ ಕಾರ್ಖಾನೆಯಲ್ಲಿ ಬೀಗವೇ ಕಳುವಾಗಿತ್ತು.

ಬೇರೆ ಬೀಗವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೋದದ್ದು ಹೊಸ ಮಾದರಿಯದು, ಮಧ್ಯಾಹ್ನ ಬರುವ ದೊಡ್ಡ ಗಿರಾಕಿಗೆ ಮಾಲೀಕರು ತೋರಿಸಬೇಕಿದ್ದದ್ದು. ತಪಾಸಣೆ ವಿಭಾಗದ ಗಾಜಿನ ಪೆಟ್ಟಿಗೆಯಲ್ಲಿ, ನೀಲಿ ಮಖಮಲ್ಲಿನ ಮೇಲೆ ರಾಜಕುಮಾರನ ಹಾಗೆ ಮಲಗಿತ್ತು. ಬೆಳಗ್ಗೆ ಶಟರ್ ಎತ್ತಿ ನೋಡಿದರೆ ಮಖಮಲ್ಲಿನಲ್ಲಿ ಬೀಗದ ಆಕಾರದ ತಗ್ಗಷ್ಟೇ ಉಳಿದಿತ್ತು.

"ಹೊರಗಿನೋರ ಕೆಲಸ ಅಲ್ಲ ಇದು," ಎಂದ ಸೂಪರ್‌ವೈಸರ್. ಯಾರನ್ನು ನೋಡಿದರೂ ಮುಖಕ್ಕೆ ಬೆಳಕು ಬಿಟ್ಟಂತೆ ನೋಡುವ ಅವನಿಗೆ ಕಾರ್ಖಾನೆಯವರು ಟಾರ್ಚು ಎಂದು ಹೆಸರಿಟ್ಟಿದ್ದರು. ಟಾರ್ಚು ನಿಧಾನವಾಗಿ ಇಡೀ ವಿಭಾಗದ ಮೇಲೆ ಹರಿದು ಬಂದು ಬುಗುರಿಯ ಮೇಲೆ ನಿಂತಿತು.

ಬುಗುರಿ ಎಂಬುದೂ ಕಾರ್ಖಾನೆಯವರು ಇಟ್ಟ ಹೆಸರೇ. ಅವಳು ಬೀಗಗಳನ್ನು ತಪಾಸಣೆ ಮಾಡುವವಳು. ಮೂವತ್ತು ದಾಟಿದ ಹೆಂಗಸು. ನಿಂತಲ್ಲಿ ನಿಲ್ಲುವವಳಲ್ಲ, ಕೂತಲ್ಲಿ ಕೂರುವವಳಲ್ಲ. ಅವಳ ಹೊಟ್ಟೆಪಾಡನ್ನು ಇದುವರೆಗೆ ಕಿತ್ತುಕೊಂಡದ್ದು ಕುರ್ಚಿಯೇ. ಟಿಕೆಟ್ ಕೌಂಟರಿನಲ್ಲಿ ಕೂರಲಾಗದೆ ಆ ಕೆಲಸ ಹೋಯಿತು, ಹೊಲಿಗೆಯಂತ್ರದ ಮುಂದೆ ಕೂರಲಾಗದೆ ಅದೂ ಹೋಯಿತು. ಇಲ್ಲಿ ಮಾತ್ರ ಉದ್ದನೆಯ ಮೇಜುಗಳ ನಡುವೆ ಓಡಾಡುತ್ತ, ಸಾಲಾಗಿಟ್ಟ ಬೀಗಗಳಿಗೆ ಕೀಲಿ ಹಾಕಿ ತಿರುಗಿಸಿ, ಎಳೆದು, ಮುಂದಿನದಕ್ಕೆ ಹೋಗಬೇಕು. ದಿನವಿಡೀ ನಡೆ, ಕೈಗೆ ಬಿಡುವಿಲ್ಲ. ತನ್ನ ಮೈಯ ಅಳತೆ ತೆಗೆದುಕೊಂಡೇ ಯಾರೋ ಈ ಕೆಲಸ ಹೊಲಿದಿದ್ದಾರೆ ಅನ್ನಿಸಿತ್ತು ಅವಳಿಗೆ. ಇನ್ನೂ ತಾತ್ಕಾಲಿಕ. ಇವತ್ತು ಸಂಜೆ ಮ್ಯಾನೇಜರು ಸಹಿ ಹಾಕಿದರೆ ಕಾಯಂ, ಇಲ್ಲದಿದ್ದರೆ ಮತ್ತೆ ಬೀದಿ.

"ನಿನ್ನೆ ಇವಳು ಗಾಜಿನ ಪೆಟ್ಟಿಗೆ ಹತ್ರ ಎಷ್ಟು ಸಲ ಸುಳಿದಾಡಿದ್ಲು ಗೊತ್ತಾ?" ಎಂದ ಟಾರ್ಚು.

"ನಾನು ಎಲ್ಲದರ ಹತ್ರಾನೂ ಸುಳಿದಾಡ್ತೀನಲ್ಲಾ ಸರ್. ನೀರಿನ ಡ್ರಮ್ ಹತ್ರ ಕೂಡ. ಅದೇನು ಕಳುವಾಗಿದ್ಯಾ?"

"ನೋಡಿ, ನಾನಿನ್ನೂ ಪ್ರಶ್ನೆ ಮುಗಿಸೇ ಇಲ್ಲ, ಉತ್ತರ ರೆಡಿ."

ಎಲ್ಲರೂ ತಲೆಯಾಡಿಸಿದರು. ನಿನ್ನೆಯವರೆಗೆ ನಗೆಯ ವಸ್ತುವಾಗಿದ್ದ ಅವಳ ಚಾಳಿಗಳೆಲ್ಲ ಒಂದೊಂದಾಗಿ ಸಾಕ್ಷಿಕಟ್ಟೆ ಹತ್ತತೊಡಗಿದವು. ಊಟದ ಹೊತ್ತಿನಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಾಳಲ್ಲ, ಯಾಕೆ? ಮಾತಾಡುವಾಗ ಕಿಟಕಿ ಕಡೆ ನೋಡುತ್ತಾಳಲ್ಲ, ಹೊರಗೆ ಯಾರಿದ್ದಾರೆ?

ಚೀಲ ಸುರಿಯಿರಿ ಎಂದ ಟಾರ್ಚು. ಅವಳ ಚೀಲದಿಂದ ಅರ್ಧ ಹೆಣೆದ ಕಾಲುಚೀಲ, ಇನ್ನೊಂದು ಬಣ್ಣದಲ್ಲಿ ಕಾಲು ಭಾಗ ಹೆಣೆದ ಇನ್ನೊಂದು ಕಾಲುಚೀಲ, ಕಚ್ಚಿ ಮರೆತ ಬ್ರೆಡ್ಡು, ಕೊನೆಗೆ ಒಂದು ಹಿಡಿ ಕೀಲಿಗಳು ಮೇಜಿನ ಮೇಲೆ ಬಿದ್ದವು. ಕೀಲಿಗಳು ಬಿದ್ದ ಸದ್ದಿಗೆ ವಿಭಾಗವೇ ಮೇಜಿನತ್ತ ಬಾಗಿತು.

"ಕೀಲಿ ಇಲ್ಲಿದೆ. ಬೀಗ ಎಲ್ಲಮ್ಮಾ?"

"ಅವು ಗುಜರಿ ಕೀಲಿಗಳು ಸರ್. ಬಸ್ಸಲ್ಲಿ ಬೆರಳಾಡಿಸೋಕೆ. ಪ್ಯಾಕಿಂಗ್ ಅಕ್ಕಾನೇ ಕೊಟ್ಟಿದ್ದು. ಹೇಳಕ್ಕಾ."

ಪ್ಯಾಕಿಂಗ್ ಮಾಡುವ ಅಕ್ಕ ತನ್ನ ಟಿಫಿನ್ ಡಬ್ಬಿಯನ್ನು ಬುಗುರಿಯ ಜೊತೆ ಹಂಚಿ ತಿನ್ನುವವಳು, ಬುಗುರಿ ಮರೆತುಹೋದ ಕೊಡೆಯನ್ನು ದಿನಾ ಎತ್ತಿಡುವವಳು. ಅವಳು ಟಾರ್ಚಿನ ಮುಖ ನೋಡಿದಳು, ಕೀಲಿ ನೋಡಿದಳು.

"ನಾನ್ಯಾಕೆ ಕೊಡ್ಲಿ? ನಾನು ರಟ್ಟಿನ ಡಬ್ಬಿ ಬಿಟ್ರೆ ಏನೂ ಮುಟ್ಟಲ್ಲಪ್ಪಾ," ಎಂದಳು. ಟಾರ್ಚು ಅತ್ತ ತಿರುಗಿದೊಡನೆ ಬುಗುರಿಯ ಕಿವಿಯ ಹತ್ತಿರ ಬಂದು, "ಬೇಜಾರಾಗ್ಬೇಡ ಕಣೇ. ನಂಗೆ ಇಬ್ರು ಮಕ್ಕಳು. ನೀನು ತಗೊಂಡಿದ್ರೆ ಒಪ್ಕೊಂಡ್‌ಬಿಡು, ಕಾಲಿಗೆ ಬಿದ್ರೆ ಬಿಟ್ಬಿಡ್ತಾರೆ," ಎಂದು ಸಲಹೆಯನ್ನೂ ಕೊಟ್ಟಳು.

ಮ್ಯಾನೇಜರು ಬಂದರು. ಕಂಪನಿಯ ಖರ್ಚಿನಲ್ಲಿ ಹೋಟೆಲಿನಲ್ಲಿ ಉಳಿದು 'ದೇಹಭಾಷೆ'ಯ ತರಬೇತಿ ಮುಗಿಸಿ ಬಂದ ಮೇಲೆ ಅವರಿಗೆ ಮನುಷ್ಯರ ಬಾಯಿಯ ಮಾತಿನಲ್ಲಿ ನಂಬಿಕೆ ಹೊರಟುಹೋಗಿತ್ತು. ಎಲ್ಲರನ್ನೂ ಸಾಲಾಗಿ ಕೂರಿಸಿ, ಕಾಲುಗಳನ್ನಷ್ಟೇ ನೋಡುತ್ತ ನಡೆದರು. ಚಪ್ಪಲಿ ಅಂಗಡಿಯವನು ಕೂಡ ಅಷ್ಟು ಶ್ರದ್ಧೆಯಿಂದ ಕಾಲು ನೋಡುವುದಿಲ್ಲ. ಎಲ್ಲ ಕಾಲುಗಳೂ ಭಯಕ್ಕೆ ನೆಲಕ್ಕಂಟಿದ್ದವು. ಒಂದು ಜೊತೆ ಮಾತ್ರ ಯಾರೋ ಪೆಡಲ್ ತುಳಿಯುತ್ತಿದ್ದಾರೇನೋ ಎಂಬಂತೆ ಕುಣಿಯುತ್ತಿತ್ತು.

"ನೀವು ಕ್ಯಾಬಿನ್ನಿಗೆ ಬನ್ನಿ," ಎಂದರು.

ಕ್ಯಾಬಿನ್ನಿನಲ್ಲಿ ಬುಗುರಿ, ಇನ್ನೇನು ಮುಚ್ಚಿಡುವುದು ಎಂದು, ಹೇಳಬಾರದೆಂದುಕೊಂಡಿದ್ದನ್ನು ಹೇಳಿದಳು. "ಸರ್, ಡಾಕ್ಟ್ರು ಹೋದ ತಿಂಗಳು ಹೇಳಿದ್ರು. ನಂಗೆ ಎಡಿಎಚ್‌ಡಿ ಅಂತೆ, ಮನಸ್ಸು ಮೈ ಒಂದ್ಕಡೆ ನಿಲ್ಲದ ತೊಂದರೆ. ಹುಟ್ಟಿನಿಂದಾನೇ ಇತ್ತಂತೆ."

"ಅದು ಮಕ್ಕಳಿಗೆ ಬರೋದಲ್ವಾ?"

"ಆ ಮಕ್ಕಳು ದೊಡ್ಡೋರಾಗ್ತಾರಲ್ಲಾ ಸರ್."

"ಬೀಗ ಹೋದ ದಿನಾನೇ ಕಾಯಿಲೆ ನೆನಪಾಯ್ತಾ? ನೋಡೋಕೆ ಗಟ್ಟಿಮುಟ್ಟಾಗಿದೀರಿ. ಏನಾಗತ್ತೆ ಅದರಲ್ಲಿ?"

ಬುಗುರಿ ಪದ ಹುಡುಕಿದಳು. "ಬೀಗದೊಳಗಿನ ಸ್ಪ್ರಿಂಗ್ ಇರತ್ತಲ್ಲಾ ಸರ್, ಅದನ್ನು ಒತ್ತಿ ಹಿಡಿದು, ಸುಮ್ನಿರು ಅಂದ ಹಾಗೆ. ಮೇಲಿಂದ ನೋಡೋರಿಗೆ ಬೀಗ ಸುಮ್ನೇ ಕೂತಿರತ್ತೆ. ನಡೆದಾಡಿದ್ರೆ ಸ್ವಲ್ಪ ಸಡಿಲ ಆಗತ್ತೆ, ಅಷ್ಟೇ. ನಾನು ಓಡಾಡೋದು ಕೆಲಸ ತಪ್ಪಿಸ್ಕೊಳ್ಳೋಕಲ್ಲ. ಕೆಲಸ ಮಾಡೋಕೇನೇ."

ಮ್ಯಾನೇಜರು ತಮ್ಮ ತಿರುಗುವ ಕುರ್ಚಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತ, ಪೆನ್ನನ್ನು ಟಿಕ್ ಟಿಕ್ ಅನ್ನಿಸುತ್ತ ಯೋಚಿಸಿದರು. ಸಾಹೇಬರು ತೂಗಿದರೆ ಅದು ಚಿಂತನೆ, ಓಡಾಡಿದರೆ ಉಸ್ತುವಾರಿ. ಕೂಲಿಯವಳ ಓಡಾಟಕ್ಕೆ ಮಾತ್ರ ಕಳ್ಳಾಟ ಎಂದು ಹೆಸರು.

"ಒಂದು ಕೆಲಸ ಮಾಡೋಣ. ಮಾಲೀಕರು ಬರೋವರೆಗೂ ಈ ಕುರ್ಚೀಲಿ ಅಲ್ಲಾಡದೆ ಕೂತಿರಿ. ಸಾಚಾ ಇದ್ದೋರಿಗೆ ಕೂರೋಕೇನು ಕಷ್ಟ? ಅಲ್ಲಾಡಿದ್ರೆ ಸಹಿ ಮರೆತುಬಿಡಿ. ಪೊಲೀಸ್ನೋರು ನೋಡ್ಕೋತಾರೆ."

ಬುಗುರಿ ಕೂತಳು.

ಮೊದಲು ಬೇಡಿಕೆ ಇಟ್ಟದ್ದು ಕಾಲು. ಬೇಲಿಗೆ ಕಟ್ಟಿದ ಕರು ಹಗ್ಗ ಜಗ್ಗುವಂತೆ ಜಗ್ಗಿತು. ಬೂಟಿನೊಳಗೆ ಬೆರಳುಗಳನ್ನು ಮಡಚಿ ನೆಲ ಕಚ್ಚಿ ಹಿಡಿದಳು. ಚಡಪಡಿಕೆ ತೊಡೆಗೆ ಏರಿತು. ತೊಡೆಯನ್ನು ಬಿಗಿದರೆ ಬೆನ್ನಿಗೆ ಹೋಯಿತು, ಅಲ್ಲಿಂದ ಭುಜಕ್ಕೆ, ಭುಜದಿಂದ ದವಡೆಗೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ನುಗ್ಗುವ ಬೆಕ್ಕಿನ ಹಾಗೆ. ಗೋಡೆಯ ಮೇಲೆ ಕ್ಯಾಲೆಂಡರ್ ಸೊಟ್ಟಗೆ ನೇತಾಡುತ್ತಿತ್ತು. ಅದನ್ನು ನೆಟ್ಟಗೆ ಮಾಡದಿದ್ದರೆ ಜಗತ್ತೇ ಕವುಚಿಕೊಳ್ಳುತ್ತದೆ ಅನ್ನಿಸಿತು. ಫ್ಯಾನಿನ ಒಂದು ರೆಕ್ಕೆ ಪ್ರತಿ ಸುತ್ತಿಗೂ ಕಿರ್ ಎನ್ನುತ್ತಿತ್ತು. ಪೆನ್ನಿನ ಟಿಕ್ ಟಿಕ್ ನೇರ ಹಲ್ಲಿನೊಳಗೆ ಬಡಿಯುತ್ತಿತ್ತು. ಗಡಿಯಾರದ ಮುಳ್ಳು ಅಂಟಿನಲ್ಲಿ ನಡೆಯುವ ಇರುವೆಯಾಗಿತ್ತು. ನಗಬೇಕು, ಕಿರುಚಬೇಕು, ಎದ್ದು ಮ್ಯಾನೇಜರ ಕುರ್ಚಿಯನ್ನು ಹಿಡಿದು ಗರಗರ ತಿರುಗಿಸಿಬಿಡಬೇಕು ಎಂದೆಲ್ಲ ಒಟ್ಟಿಗೆ ಅನ್ನಿಸಿತು. ಕೆನ್ನೆಯ ಒಳಭಾಗ ಕಚ್ಚಿದಳು. ಬಾಯಲ್ಲಿ ರಕ್ತದ ಉಪ್ಪು. ಅಲ್ಲಾಡಲಿಲ್ಲ.

ಬಾಗಿಲ ಗಾಜಿನಿಂದ ಟಾರ್ಚು ಇಣುಕಿದ. ಅವನ ಹಿಂದೆ ಪ್ಯಾಕಿಂಗ್ ಅಕ್ಕನ ಕಣ್ಣು.

"ಸರ್, ನಂಗೆ ಈಗ ಇನ್ನೂ ಅನುಮಾನ," ಎಂದು ಒಳಬಂದ ಟಾರ್ಚು ಪಿಸುಗುಟ್ಟಿದ. "ಇವಳು ಯಾವತ್ತೂ ಹಿಂಗೆ ಕೂತೋಳೇ ಅಲ್ಲ. ಹೆದರಿಕೆಯಿಂದ ಕೂತಿದಾಳೆ. ಸಾಚಾ ಆಗಿದ್ರೆ ಇಷ್ಟೊತ್ತಿಗೆ ಅಲ್ಲಾಡಿರೋಳು."

"ಹೌದಲ್ಲಾ," ಎಂದರು ಮ್ಯಾನೇಜರು. ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಅವರು ಫೋನಿಗೆ ಕೈ ಹಾಕಿ ಪೊಲೀಸ್ ಠಾಣೆಯ ನಂಬರು ಒತ್ತತೊಡಗಿದರು.

ಅಷ್ಟರಲ್ಲಿ ಮಾಲೀಕರು ಬಂದರು. ಹಿಂದೆ ಗಿರಾಕಿ. ಮಾಲೀಕರು ಕೋಟಿನ ಜೇಬಿಗೆ ಕೈಹಾಕಿ ಹೊಸ ಬೀಗವನ್ನು ತೆಗೆದು ಮೇಜಿನ ಮೇಲಿಟ್ಟರು.

"ಸರ್... ಇದು ಕಳುವಾಗಿತ್ತು," ಎಂದರು ಮ್ಯಾನೇಜರು ಫೋನು ಕೆಳಗಿಡುತ್ತ.

"ಕಳುವು ಯಾಕ್ರೀ? ನಿನ್ನೆ ಸಂಜೆ ನಾನೇ ಮನೆಗೆ ತಗೊಂಡು ಹೋದೆ, ಭಾವಮೈದುನನಿಗೆ ತೋರಿಸೋಕೆ. ನನ್ನ ಬೀಗ ನಾನು ಒಯ್ಯೋಕೆ ನಿಮ್ಮನ್ನ ಕೇಳ್ಬೇಕಿತ್ತಾ? ಕ್ಯಾಮೆರಾದಲ್ಲಿ ನೋಡ್ಲಿಲ್ವಾ?"

"ರೆಕಾರ್ಡಿಂಗ್ ಖರ್ಚು ಬೇಡ ಅಂದ್ರಲ್ಲಾ ಸರ್. ಕೂತು ನೋಡೋಕೆ ಜನ ಇಲ್ಲ. ಹಾಕಿದೋರೆಲ್ಲ ವಾರಕ್ಕೇ ಓಡಿಹೋಗ್ತಾರೆ, ಆ ಕೋಣೇಲಿ ಕೂರೋಕಾಗಲ್ಲ ಅಂತ."

ಎಲ್ಲರೂ ನಕ್ಕರು. ಗಿರಾಕಿಯೂ ನಕ್ಕರು. ಕ್ಷಮಿಸು ಎಂಬ ಮಾತು ಯಾರ ಬಾಯಿಗೂ ಬರಲಿಲ್ಲ, ಅದಕ್ಕೆ ಖರ್ಚಿಲ್ಲದಿದ್ದರೂ. ಆಗ ಮಾಲೀಕರ ಕಣ್ಣು ಮೂಲೆಯ ಕುರ್ಚಿಯ ಮೇಲೆ ಬಿತ್ತು. ಅಲ್ಲಿ ಬುಗುರಿ, ಬೀಗ ಸಿಕ್ಕಿದ್ದು ತಿಳಿದರೂ ಏಳು ಎಂದು ಯಾರೂ ಹೇಳದ್ದರಿಂದ, ಕಲ್ಲಿನಂತೆ ಕೂತೇ ಇದ್ದಳು.

"ಯಾರು ಈಯಮ್ಮ?"

"ಬೆಳಗ್ಗೆಯಿಂದ ಹಿಂಗೇ ಕೂತಿದಾರೆ ಸರ್. ಒಂಚೂರೂ ಅಲ್ಲಾಡಿಲ್ಲ," ಎಂದರು ಮ್ಯಾನೇಜರು, ತಾವೇ ಕೆತ್ತಿದ ಮೂರ್ತಿಯನ್ನು ತೋರಿಸುವವರಂತೆ.

"ಮತ್ತೆ ಜನ ಇಲ್ಲ ಅಂತೀರಲ್ರೀ. ಇವರನ್ನೇ ಕ್ಯಾಮೆರಾ ಕೋಣೆಗೆ ಹಾಕಿ. ಈಗಲೇ ಕಾಯಂ ಮಾಡಿ."

"ಸರ್, ನಂಗೆ ತಪಾಸಣೆ ಮೇಜೇ ಸಾಕು," ಎಂದು ಬುಗುರಿ ಎದ್ದು ನಿಂತಳು. "ಕೂರೋಕೆ ನನ್ನ ಕೈಲಾಗಲ್ಲ ಸರ್, ಡಾಕ್ಟ್ರು..."

"ಕೈಲಾಗಲ್ವಾ?" ಮ್ಯಾನೇಜರ ಹುಬ್ಬು ಮೇಲೇರಿತು. "ನಮ್ಮ ಕಣ್ಣೆದುರಿಗೇ ಕೂತಿದ್ರಲ್ಲಾ. ಹಾಗಾದ್ರೆ ಇಷ್ಟು ದಿನ ಬೇಕಂತಲೇ ಓಡಾಡ್ತಿದ್ರಾ? ಕ್ಯಾಮೆರಾ ಕೋಣೆ ಬೇಡ ಅಂದ್ರೆ ಕಾಯಮ್ಮೂ ಇಲ್ಲ."

ಸಹಿ ಆಯಿತು.

"ಅದೃಷ್ಟ ಅಂದ್ರೆ ನಿಂದು ಕಣೇ," ಎಂದಳು ಪ್ಯಾಕಿಂಗ್ ಅಕ್ಕ ಹೊಟ್ಟೆಕಿಚ್ಚಿನಿಂದಲೇ ಬೆನ್ನು ತಟ್ಟುತ್ತ. "ಕೂತಲ್ಲೇ ಸಂಬಳ."

ಕಿಟಕಿಯಿಲ್ಲದ ಕೋಣೆ, ಒಂದು ಕುರ್ಚಿ, ಗೋಡೆ ತುಂಬ ಪರದೆಗಳು. ಒಂದರಲ್ಲಿ ಅವಳ ತಪಾಸಣೆ ಮೇಜುಗಳು ಕಾಣುತ್ತಿದ್ದವು. ಬೇರೊಬ್ಬಳು ಸಾಲಿನಿಂದ ಸಾಲಿಗೆ ನಡೆಯುತ್ತಿದ್ದಳು. ಬುಗುರಿ ಅದನ್ನೇ ನೋಡುತ್ತ ಕೂತಳು. ಅವಳಿಗೇ ತಿಳಿಯದಂತೆ ಬಲಗಾಲು ಮೆಲ್ಲಗೆ ಕುಣಿಯತೊಡಗಿತು.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಟಾರ್ಚು.

"ಏನಮ್ಮಾ, ಕಾಲು ಅಲ್ಲಾಡ್ತಿದೆ. ಏನ್ ಕದ್ದೆ?"

ಅವಳು ತಲೆಯೆತ್ತಿದಳು. ಕುರ್ಚಿಯ ನೆತ್ತಿಗೆ ನೇರವಾಗಿ, ಸೂರಿನಲ್ಲಿ, ಇನ್ನೊಂದು ಕ್ಯಾಮೆರಾ ಇತ್ತು.