ಸದಲಗಾದ ಅಪರೂಪದ ಎಮ್ಮೆ ತಳಿ

ನಮ್ಮ ಭಾಗದಲ್ಲಿ ಹೈನುಗಾರಿಕೆ ಎಷ್ಟರಮಟ್ಟಿಗೆ ಬೆಳೆಯಬಹುದು ಎಂದು ಸಮೀಕ್ಷೆ ಮಾಡುವ ಸರಕಾರಿ ಕೆಲಸ ನನ್ನ ಪಾಲಿಗೆ ಬಂತು. ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಎಮ್ಮೆಗಳ ಬಗ್ಗೆ ಏನೂ ತಿಳಿಯದು. ಆದರೇನು? ನಕಾಶೆಯಲ್ಲಿ ದೇಶದೇಶಗಳನ್ನೇ ಗುರುತಿಸುವವನಿಗೆ ಸದಲಗಾದ ಒಂದು ಓಣಿಯ ಎಮ್ಮೆ ಎಣಿಸುವುದು ಯಾವ ಮಹಾ ಕೆಲಸ!

ಹೆಂಡತಿ ಶಾಂತಾ ಕರೋಶಿಯ ರೈತರ ಮನೆಯವಳು. ಸೆಗಣಿ ಬಾಚಿ, ಹಾಲು ಹಿಂಡಿ ಬೆಳೆದವಳು.

"ನಾನೂ ಬರ್ತೀನ್ರಿ. ನಿಮಗೇನ ತಿಳೀತೈತಿ?" ಎಂದಳು.

"ಇದು ವೈಜ್ಞಾನಿಕ ಸಮೀಕ್ಷೆ. ನಿಮ್ಮ ತವರಮನಿ ಕೊಟಗಿ ಅಲ್ಲ."

"ಹಂಗಾರ ಒಂದ ಮಾತು. ಸರಕಾರದಿಂದ ಏನರ ಬರ್ತೈತಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಮೊದಲ ಮನೆಯಲ್ಲೇ ಬಾಯಿ ಬಿಟ್ಟೆ. ಅದು ಗೌರವ್ವನ ಮನೆ. ಆಕೆಗೆ ಇದ್ದದ್ದು ಒಂದೇ ಎಮ್ಮೆ, ಅದರ ಎಡಗೋಡು ಅರ್ಧ ಮುರಿದಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದೆ. "ಇದನ್ನ ಬರಕೊಂಡ ಏನ ಮಾಡ್ತೀರಿ?" ಎಂದು ಗೌರವ್ವ ಕೇಳಿದಳು. ಉತ್ಸಾಹ ತುಂಬೋಣವೆಂದು, "ಎಮ್ಮಿ ಇದ್ದವರ ಹೆಸರು ಮ್ಯಾಲ ಸರಕಾರಕ್ಕ ಹೋಗ್ತಾವ. ಮುಂದ ಏನರ ಬಂದರ ಅವರಿಗೇ!" ಎಂದೆ. ಕಟ್ಟೆಯ ಮೇಲೆ ಕುಳಿತಿದ್ದ ನೆರೆಯವರೆಲ್ಲ ದಿಗ್ಗನೆ ಎದ್ದು ಹೋದರು. ಹೊಲದಲ್ಲಿ ಕೆಲಸವಿರಬೇಕು ಎಂದುಕೊಂಡೆ.

ಎರಡನೆಯದು ಪಾರಿಸಣ್ಣನ ಮನೆ. "ಬರ್ರಿ ಮಾಸ್ತರ, ಮೊದಲ ಚಾ ಕುಡೀರಿ. ಎಮ್ಮಿ ಎಲ್ಲಿ ಓಡಿ ಹೋಗ್ತೈತಿ?" ಎಂದ. ಚಹಾ ಆಯಿತು, ಅವಲಕ್ಕಿ ಆಯಿತು. ಆಮೇಲೆ ಹಿತ್ತಲಿಗೆ ಕರೆದೊಯ್ದ. ಅಲ್ಲಿ ಕಟ್ಟಿದ್ದ ಎಮ್ಮೆ ಸ್ವಲ್ಪ ಏದುಸಿರು ಬಿಡುತ್ತಿತ್ತು. ಅದರ ಎಡಗೋಡೂ ಮುರಿದಿತ್ತು!

ಮೂರನೆಯ ಮನೆಯಲ್ಲೂ ಚಹಾ, ಫೋಟೋ. ಅಲ್ಲಿನ ಎಮ್ಮೆಗೂ ಅರ್ಧ ಕೋಡು. ಆರನೆಯ ಮನೆ ಮುಟ್ಟುವಷ್ಟರಲ್ಲಿ ಚಹಾ ಗಂಟಲಿನವರೆಗೆ ಬಂದಿತ್ತು. ಅಲ್ಲಿಯ ಎಮ್ಮೆ ನನ್ನನ್ನು ಕಂಡು ಪರಿಚಯದವರಂತೆ ಕಿವಿ ಅಲ್ಲಾಡಿಸಿತು. ಜಾನುವಾರುಗಳಿಗೆ ನನ್ನನ್ನು ಕಂಡರೆ ಅದೇನೋ ಪ್ರೀತಿ ಎಂದು ಹಿಗ್ಗಿದೆ.

"ಇಲ್ಲಿ ಎಮ್ಮಿಗೋಳ ಕೋಡು ಹಿಂಗ್ಯಾಕ?" ಎಂದು ಆ ಮನೆಯ ಅಜ್ಜನನ್ನು ಕೇಳಿದೆ.

ಅಜ್ಜ ಕ್ಷಣ ಯೋಚಿಸಿ, "ಹೊಳಿ ನೀರಿನ ಗುಣಾರೀ" ಎಂದ.

ಭೂಗೋಳದ ಮಾಸ್ತರಿಗೆ ಇನ್ನೇನು ಸಾಕ್ಷಿ ಬೇಕು! ಅಂದೇ ವರದಿ ಬರೆದು ಕಳಿಸಿದೆ: "ದೂಧಗಂಗಾ ತೀರದಲ್ಲಿ ಎಡಗೋಡು ಮೊಟಕಾದ ವಿಶಿಷ್ಟ ಎಮ್ಮೆ ತಳಿಯೊಂದು ಕಂಡುಬಂದಿದ್ದು, ಇದರ ಅಭಿವೃದ್ಧಿಗೆ ವಿಪುಲ ಅವಕಾಶಗಳಿವೆ."

ವಾರದೊಳಗೆ ಆ ತಳಿಯನ್ನು ನೋಡಲು ದನದ ಡಾಕ್ಟರು ಜೀಪಿನಲ್ಲಿ ಬಂದರು. ನಾನು ಎದೆ ಸೆಟೆಸಿ ಮುಂದೆ ನಡೆದೆ. ಗೌರವ್ವ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು.

"ಬಂದ್ರೇನ್ರಿ ಮಾಸ್ತರ? ನಿಮ್ಮ ಸಲವಾಗಿ ನನ್ನ ಎಮ್ಮಿ ಇಡೀ ಓಣಿ ಅಡ್ಡಾಡೇತಿ. ಮಗ್ಗಲ ಮನಿಯವರು ಕೇಳಿದರ ಒಲ್ಲೆ ಅನ್ನಾಕ ಬರ್ತೈತೇನು? ಆವತ್ತಿನಿಂದ ಹಾಲು ಅರ್ಧಕ್ಕ ಇಳದೈತಿ. ಡೇರಿಗೆ ಏನ ಹಾಕ್ಲಿ ನಾ?"

"ಇಲ್ಲವ್ವಾ, ಅವು ಬ್ಯಾರೆ ಎಮ್ಮಿ. ಆ ಕೋಡು..."

"ಕಬ್ಬಿನ ಟ್ರ್ಯಾಕ್ಟರಿಗೆ ಹಾಯಾಕ ಹೋಗಿ ಮುರಕೊಂಡೈತ್ರಿ!"

ಡಾಕ್ಟರು ನನ್ನ ಮೊಬೈಲು ಇಸಿದುಕೊಂಡು ಒಂದೊಂದೇ ಫೋಟೋ ನೋಡಿದರು. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. "ಆರೂ ಫೋಟೋದಾಗ ಹಗ್ಗಾನೂ ಒಂದ ಐತಿ, ಮಾಸ್ತರ" ಎಂದರು.

ಮಾನ ಹೋದದ್ದು ಹಾಗಿರಲಿ, ಆ ಮನೆ ನಡೆಯುತ್ತಿದ್ದದ್ದೇ ಆ ಎಮ್ಮೆಯ ಹಾಲಿನಿಂದ. ಗೌರವ್ವನ ಮುಖ ನೋಡಲಾಗದೆ ತಲೆ ತಗ್ಗಿಸಿದೆ. "ಹೆದರಬ್ಯಾಡವಾ, ನಾಕ ದಿನ ಕದಲಿಸದ ಕಟ್ಟು, ಹಾಲು ಬರ್ತೈತಿ" ಎಂದು ಡಾಕ್ಟರು ಧೈರ್ಯ ಹೇಳಿದರು. ಹಾಗೇ ಆಯಿತು, ಪುಣ್ಯ!

ಸಮೀಕ್ಷೆ ಮತ್ತೆ ಮಾಡಬೇಕಾಯಿತು. ಈ ಸಲ ಬಾಯಿ ಮುಚ್ಚಿಕೊಂಡು ಶಾಂತಾಳನ್ನು ಕರೆದುಕೊಂಡು ಹೋದೆ. ಅವಳು ಯಾರ ಮನೆಯಲ್ಲೂ ಚಹಾ ಮುಟ್ಟಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ ತಿಪ್ಪೆ ನೋಡಿದಳು. "ತಿಪ್ಪ್ಯಾಗ ಸೆಗಣೀನ ಇಲ್ಲ, ಎಮ್ಮಿ ಎಲ್ಲಿಂದ ಬಂತವ್ವಾ?" ಎಂದಳು. ಪಾರಿಸಣ್ಣನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕು, ಇದ್ದದ್ದನ್ನು ಇದ್ದಂತೆ ಹೇಳಿದಳು. ಮೇವಿಗೆ ಕಬ್ಬಿನ ಸೋಗೆ ಬೇಕಾದಷ್ಟಿದೆ, ಆದರೆ ಎಮ್ಮೆಗೆ ಜಡ್ಡು ಬಂದರೆ ನೋಡುವವರು ಹತ್ತಿರದಲ್ಲಿಲ್ಲ. ಅದಕ್ಕೇ ಮಂದಿ ಮಾರಿಬಿಟ್ಟರು ಎಂದಳು. ಉಳಿದ ಹೆಂಗಸರೂ ಅದನ್ನೇ ಹೇಳಿದರು. ಶಾಂತಾ ಕೇಳಿದಳು, ನಾನು ಬರೆದುಕೊಂಡೆ. ಸಂಜೆಯೊಳಗೆ ಓಣಿ ಮುಗಿಯಿತು.

ಆ ವರದಿ ಒಪ್ಪಿಗೆಯಾಯಿತು. ಅದರಲ್ಲಿ ನನ್ನದೆಂದರೆ ಕೊನೆಯ ಸಹಿ ಮತ್ತು ತಾರೀಖು ಮಾತ್ರ. ಅದರಲ್ಲೂ ತಾರೀಖು ತಪ್ಪಿತ್ತು. ಶಾಂತಾ ತಿದ್ದಿದಳು!