ಅಂಗಡಿ ಬಾಗಿಲಿಗೆ ಬಂದ ಗಾಡಿ ಜಾಡು

ಎಲ್ಲದಕ್ಕೂ ಮೂಲ ಅತ್ತೆ ಎಡವಿದ್ದು. ಪಂಕ್ಚರ್ ಅಂಗಡಿಯ ಎದುರಿನ ಹಾಸುಬಂಡೆಯಲ್ಲಿ, ಹಿಂದೆಂದೋ ಸರಕಿನ ಗಾಡಿಗಳು ಉರುಳಿ ಉರುಳಿ ಕೊರೆದ ಎರಡು ಜಾಡುಗಳಿದ್ದವು. ಅತ್ತೆ ಅದರಲ್ಲಿ ಕಾಲು ಉಳುಕಿಸಿಕೊಂಡು ಬೈದದ್ದೇ ತಡ, ಅಂಗಡಿ ನಡೆಸುತ್ತಿದ್ದ ಮನೆ ಅಳಿಯ ಸಿಮೆಂಟು ಕಲಸಿ ಎರಡನ್ನೂ ಮುಚ್ಚಿಬಿಟ್ಟ. ಹಗಲೆಲ್ಲ ಅತ್ತೆಯ ಬಾಯಿಂದ ಅವನನ್ನು ಕಾಪಾಡುತ್ತಿದ್ದದ್ದು ಆ ಅಂಗಡಿಯೊಂದೇ.

ಮರುದಿನ ಬೆಳಿಗ್ಗೆ ಊರ ಯಜಮಾನರು ಬಂದು ಎದೆ ಹಿಡಿದುಕೊಂಡರು.

"ಏನೋ ಮಾಡ್ದೆ ಇದು? ಹಳೇ ಗಾಡಿ ರಸ್ತೆ ನೋಡೋಕೆ ಮಧ್ಯಾಹ್ನ ಅಧಿಕಾರಿ ಬರ್ತಿದ್ದಾರೆ! ಜಾಡು ಕಂಡ್ರೆ ಇಲ್ಲಿ ರಸ್ತೆ ಇತ್ತು ಅಂತ ಒಪ್ಕೊಂಡು ಊರಿಗೆ ಬಸ್ಸು ಬಿಡ್ತಾರೆ. ಈ ನಾಲ್ಕು ಮನೆಗೆ ಅದು ಬಿಟ್ರೆ ಬೇರೇನಿದೆ?"

"ಯೋಚ್ನೆ ಬಿಡಿ ಯಜಮಾನ್ರೇ. ಗಾಡಿ ಮಾಡಿದ್ದನ್ನ ನಾನು ಮಾಡೋಕಾಗಲ್ವಾ?" ಎಂದ ಅಳಿಯ, ಉಳಿ ಹಿಡಿದು.

ಸಿಮೆಂಟು ಜಗ್ಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಕೆಲಸ ಗಟ್ಟಿಯಾಗಿ ನಿಂತಿತ್ತು. ಸರಿ, ಪಕ್ಕದ ಬರಿಬಂಡೆಯಲ್ಲೇ ಹೊಸ ಜಾಡು ಕೆತ್ತತೊಡಗಿದ.

"ಸ್ವಲ್ಪ ಎಡಕ್ಕೆ," ಎಂದ ಟೇಪು ಹಿಡಿದ ಟೈಲರ್.

"ಗಾಡಿ ಏನು ಗೆರೆ ಎಳ್ದಂಗೆ ಹೋಗುತ್ತಾ? ಬಲಕ್ಕೆ ತಿರುಗಿಸು," ಎಂದರು ಮೇಷ್ಟ್ರು.

ಇಬ್ಬರ ಮಾತೂ ಕೇಳಿ ಕೆತ್ತಿದ. ಮಧ್ಯಾಹ್ನದ ಹೊತ್ತಿಗೆ ಜಾಡು ಅಂಗಡಿಯ ಹೊಸ್ತಿಲಿಗೆ ಬಂದು ನಿಂತಿತು. ಮಣ್ಣು, ಹಳೆಯ ಗ್ರೀಸು ತಿಕ್ಕಿದ ಮೇಲೆ ನೂರು ವರ್ಷದ ಕಳೆ ಬಂತು. ಅಳಿಯ ಮೀಸೆ ತಿರುವಿದ.

ಅಧಿಕಾರಿ ಬಂದರು. ಮಂಡಿಯೂರಿ ಜಾಡನ್ನು ಸವರಿದರು. ಅವರ ಕಣ್ಣು ಅರಳಿತು.

"ಇಷ್ಟು ಸ್ಪಷ್ಟವಾದ ಜಾಡು ನಾನು ಎಲ್ಲೂ ನೋಡಿಲ್ಲ ಕಣ್ರೀ! ಊರಿಗೆ ಬಸ್ಸು ಬಂದ ಹಾಗೇ ಅನ್ಕೊಳ್ಳಿ."

ಊರೆಲ್ಲ ಚಪ್ಪಾಳೆ ತಟ್ಟಿತು. ಅಧಿಕಾರಿ ಜಾಡು ಹಿಡಿದು ನಡೆದರು, ಹೊಸ್ತಿಲ ಬಳಿ ನಿಂತರು.

"ಓಹೋ, ಹಳೇ ರಸ್ತೆ ಮೇಲೇ ಅಂಗಡಿ ಕಟ್ಟಿದ್ದೀರಿ! ಇದನ್ನ ಕೆಡವಲೇಬೇಕು."

ಅಳಿಯ ಉಳಿ ಎತ್ತಿ ತೋರಿಸಿದ. "ಸಾರ್, ಅದು ನಾನೇ ಕೆತ್ತಿದ್ದು! ಇವತ್ತು ಬೆಳಿಗ್ಗೆ!"

"ಅಂಗಡಿ ಉಳಿಸ್ಕೊಳ್ಳೋಕೆ ಎಲ್ರೂ ಹೀಗೇ ಏನೋ ಒಂದು ಹೇಳ್ತಾರೆ," ಎಂದು ಅಧಿಕಾರಿ ನಕ್ಕರು. ಅಳಿಯ ಯಜಮಾನರ ಕಡೆ ನೋಡಿದ. ಬಸ್ಸಿನ ಆಸೆಗೆ ಅವರು ಆಕಾಶ ನೋಡುತ್ತಿದ್ದರು. ಟೈಲರ್ ಟೇಪು ಸುತ್ತುತ್ತಿದ್ದ.

ಅಷ್ಟರಲ್ಲಿ, ಕಾಲು ಉಳುಕಿದಾಗಿನಿಂದ ಮಲಗೇ ಇದ್ದ ಅತ್ತೆ ಗಲಾಟೆ ಏನೆಂದು ನೋಡಲು ಕುಂಟುತ್ತ ಬಂದವರು, ಹೊಸ ಜಾಡಿನಲ್ಲಿ ಕಾಲಿಟ್ಟು ದೊಪ್ಪನೆ ಬಿದ್ದರು.

"ಅಯ್ಯೋ, ಹಾಳು ಗಾಡಿ ಜಾಡು! ನಾನು ಮದುವೆಯಾಗಿ ಬಂದಾಗ್ಲಿಂದ ಮುಚ್ಚಿ ಮುಚ್ಚಿ ಅಂತ ಬಡ್ಕೊಳ್ತಿದ್ದೀನಿ, ಒಬ್ರಾದ್ರೂ ಮುಚ್ಚಿದ್ರಾ?"

ಅಧಿಕಾರಿ ಅವರನ್ನು ಎತ್ತಿ ಕೂರಿಸಿ, ಅಳಿಯನತ್ತ ತಿರುಗಿದರು.

"ಇನ್ನೂ ಸಾಕ್ಷಿ ಬೇಕೇನ್ರೀ?"