ಬಸಮ್ಮನ ಕೈ, ನನ್ನ ಬಾಯಿ

ಮಾತಾಡುವಾಗ ಕೈ ಆಡಿಸುವವರನ್ನು ಕಂಡರೆ ಕೆಲವರಿಗೆ ಆಗುವುದಿಲ್ಲ. ಅಂಥವರ ಪಕ್ಕದಲ್ಲಿ ಕೂತು ಕಾಫಿ ಕುಡಿಯುವುದು ಅಪಾಯ ಎಂಬುದು ಅವರ ವಾದ. ಇರಬಹುದು. ನಾನು ಆ ಕೈಯಾಡಿಸುವವರ ಗುಂಪಿಗೇ ಸೇರಿದವನು. ನನ್ನ ಕೈ ಕಟ್ಟಿಹಾಕಿದರೆ ನನ್ನ ಹೆಸರು ಹೇಳುವುದಕ್ಕೂ ನಾನು ತಡವರಿಸುತ್ತೇನೆ. ಹೆಣ್ಣು ನೋಡಲು ಹೋದ ದಿನ, ನನ್ನ ನೌಕರಿಯ ಘನತೆಯನ್ನು ಮಾವನವರಿಗೆ ವಿವರಿಸುವ ಭರದಲ್ಲಿ ಉಪ್ಪಿಟ್ಟಿನ ತಟ್ಟೆಯನ್ನು ಅವರ ಮಡಿಲಿಗೆ ಹಾರಿಸಿದ್ದೆ. ಆದರೂ ಹೆಣ್ಣು ಕೊಟ್ಟರು. ಕೋರ್ಟಿನ ಗುಮಾಸ್ತನೆಂದರೆ ಆಗ ಅಷ್ಟು ಗೌರವವಿತ್ತು. ಈ ಚಟ ಉಪ್ಪಿಟ್ಟು ಚೆಲ್ಲುವುದಕ್ಕಲ್ಲದೆ ಬೇರೆ ಉಪಯೋಗಕ್ಕೂ ಬಂದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮೈಸೂರು ರಾಜ್ಯ ದೊಡ್ಡದಾಗಿ ನಾಲ್ಕೈದು ವರ್ಷವಾಗಿದ್ದ ಕಾಲ ಅದು. ನಾನು ದಾವಣಗೆರೆಯಲ್ಲಿ ಮನೆ ಮಾಡಿಕೊಂಡು, ದಿನಾ ರೈಲಿನಲ್ಲಿ ಹರಿಹರದ ಕೋರ್ಟಿಗೆ ಹೋಗಿ ಬರುತ್ತಿದ್ದೆ. ಅಲ್ಲಿಗೆ ಬಸಮ್ಮ ಎಂಬ ವಿಧವೆಯ ದಾವೆ ಬಂತು. ಮನೆಯ ಹಿತ್ತಲಲ್ಲಿ ಬಟ್ಟಿ ಹಾಕಿಕೊಂಡು ಮಂಡಕ್ಕಿ ಹುರಿದು ಬದುಕುವ ಹೆಂಗಸು. ಬಟ್ಟಿಗೆ ಭತ್ತ, ಸೌದೆ ಹೋಗಬೇಕಾದರೆ ಎರಡು ಮನೆಗಳ ನಡುವಿನ ಒಂದು ಸಂದಿಯೇ ದಾರಿ. ಪಕ್ಕದ ಮನೆಯ ಮೈದುನ ಚನ್ನಪ್ಪ ಆ ಸಂದಿ ತನ್ನದೆಂದು ಅಡ್ಡ ಗೋಡೆ ಎಬ್ಬಿಸಿಬಿಟ್ಟಿದ್ದ. ಬಟ್ಟಿ ಆರಿತು, ಬಸಮ್ಮನ ಅನ್ನ ನಿಂತಿತು. ಇಷ್ಟೇ ಆಗಿದ್ದರೆ ಎಲ್ಲ ದಾವೆಗಳ ಹಾಗೆ ಇದೂ ಒಂದು ಎನ್ನಬಹುದಿತ್ತು. ಆದರೆ ಬಸಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಮಾತೆಲ್ಲ ಕೈಯಲ್ಲಿ. ಆ ಕೈಮಾತು ಪೂರಾ ತಿಳಿದು, ಗಂಡ ತೀರಿದಾಗಿನಿಂದ ಊರಿನವರಿಗೆ ಅದನ್ನು ಹೇಳುತ್ತಿದ್ದವನು ಒಬ್ಬನೇ. ಅವನು ಈ ಚನ್ನಪ್ಪ.

ಪ್ರತಿವಾದಿಯ ಬಾಯಿಯಿಂದ ವಾದಿಯ ಸಾಕ್ಷಿ ಕೇಳುವ ಹಾಗಿಲ್ಲವಲ್ಲ. ಮುನ್ಸಿಫರು ಕನ್ನಡಕದ ಮೇಲಿಂದ ಕೋರ್ಟನ್ನೆಲ್ಲ ಒಮ್ಮೆ ನೋಡಿದರು. ಆ ಗಳಿಗೆಯಲ್ಲಿ ನಾನು ಜವಾನನಿಗೆ ಯಾವುದೋ ಫೈಲು ಯಾವ ಕಪಾಟಿನ ಯಾವ ಮೂಲೆಯಲ್ಲಿದೆ ಎಂದು ಎರಡೂ ಕೈಯಲ್ಲಿ ವಿವರಿಸುತ್ತಿದ್ದೆ. ಸಂಜೆ ಹೊತ್ತು ಕೋರ್ಟಿನ ಜಗುಲಿಯ ಮೇಲೆ, ಎರಡೂ ಕಡೆಯವರ ಕಣ್ಣೆದುರಿಗೇ, ನಾನು ಬಸಮ್ಮನ ಭಾಷೆ ಕಲಿಯಬೇಕೆಂದು ಆಜ್ಞೆಯಾಯಿತು. ಚನ್ನಪ್ಪನ ವಕೀಲರು ಪರಮೇಶ್ವರಪ್ಪನವರು ಆಕ್ಷೇಪಣೆ ಇಲ್ಲವೆಂದರು. ಅವರು ದಾವಣಗೆರೆಯ ದೊಡ್ಡ ವಕೀಲರು, ದೊಡ್ಡ ಶರೀರದವರು. ನಾನಿದ್ದ ಬಾಡಿಗೆ ಮನೆಯ ಮಾಲೀಕರೂ ಅವರೇ. ನನ್ನಿಂದ ತಮಗೇನೂ ತೊಂದರೆಯಾಗದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪಾಠ ಶುರುವಾಯಿತು. ಹೊಳೆ, ಭತ್ತ, ಮರಳು, ಬೆಂಕಿ ಇವೆಲ್ಲ ಬಸಮ್ಮನ ಕೈಯಲ್ಲಿ ಸಲೀಸು. ಮೀಸೆ ತಿರುವಿ ತುಟಿ ಕೊಂಕಿಸಿದರೆ ಮೈದುನ. ತೊಡಕು ಬಂದದ್ದು ಕೋರ್ಟಿನ ಮಾತುಗಳಿಗೆ. ವಾದಿ, ಸಾಕ್ಷಿ, ತಡೆಯಾಜ್ಞೆ, ಇವುಗಳ ಗೊಡವೆ ಆಕೆಗೆ ಯಾವತ್ತೂ ಇರಲಿಲ್ಲ. ಒಂದೊಂದಕ್ಕೂ ನಾವಿಬ್ಬರೂ ಕೂತು ಸನ್ನೆ ಹುಟ್ಟಿಸಬೇಕಾಯಿತು. ತಲೆಯ ಮೇಲೆ ಬೆರಳು ತಿರುಗಿಸಿದರೆ ಮುನ್ಸಿಫರು. ಕೋರ್ಟಿನಲ್ಲಿ ಫ್ಯಾನಿನ ಕೆಳಗೆ ಕೂರುವವರು ಅವರೊಬ್ಬರೇ. ಕೊರಳ ಬಳಿ ಎರಡು ಬೆರಳನ್ನು ಬಿಳಿ ಪಟ್ಟಿಯಂತೆ ಇಳಿಬಿಟ್ಟರೆ ವಕೀಲರು. ತಡೆಯಾಜ್ಞೆಗೆ ನಾನು ಅಂಗೈ ಎತ್ತಿ ತೋರಿಸಿದೆ. ಆಕೆ ಅದನ್ನು ಒಪ್ಪದೆ, ಎದ್ದು ಬಂದು ನನ್ನ ರಟ್ಟೆ ಹಿಡಿದು ನಿಲ್ಲಿಸಿ ತೋರಿಸಿದಳು. ವಾಯಿದೆ ಎಂಬುದಕ್ಕೆ ಮಾತ್ರ ಆಕೆ ಯೋಚನೆಯನ್ನೇ ಮಾಡಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ಆಕಳಿಸಿದಳು.

ಪ್ರಮಾಣ ಎಂಬ ಮಾತಿಗೆ ಬಂದಾಗ ಎಡವಟ್ಟಾಯಿತು. ಈ ಸೀಮೆಯ ಜನ ಆಣೆ ಇಡುವುದು ಹೊಳೆದಂಡೆಯ ಉಕ್ಕಡಗಾತ್ರಿ ಅಜ್ಜಯ್ಯನ ಮೇಲೆ. ಅಲ್ಲಿ ಸುಳ್ಳಾಡಿ ದಕ್ಕಿಸಿಕೊಂಡವರಿಲ್ಲ ಎಂಬ ನಂಬಿಕೆ. ಬಸಮ್ಮ ಚಪ್ಪಲಿ ಬಿಟ್ಟು, ಹೊಳೆಯ ಕಡೆ ತಿರುಗಿ, ಗಂಟಲು ಮುಟ್ಟಿಕೊಂಡು ತಲೆಯ ಮೇಲೆ ಕೈ ಮುಗಿದಳು. ಬಹಳ ಚೆನ್ನಾಗಿದೆ ಎಂದುಕೊಂಡು, ಮರೆತುಹೋದೀತೆಂದು ನಾನೂ ಹಾಗೇ ಮಾಡಿದೆ. ಸಾಲದೆಂದು ಮತ್ತೆ ಮತ್ತೆ ಮಾಡಿದೆ. ಆಕೆಯ ಮುಖ ಗಂಭೀರವಾಯಿತು. ನನ್ನ ಎದೆ ತೋರಿಸಿ, ತನ್ನ ಎದೆ ತೋರಿಸಿ, ಹೊಳೆ ತೋರಿಸಿ, ಕಣ್ಣು ಮುಟ್ಟಿಕೊಂಡಳು. ನನ್ನ ಕೈಮಾತನ್ನು ಇದ್ದಂತೆಯೇ ಹೇಳುವೆನೆಂದು ನೀನು ನನಗೆ ಕೊಟ್ಟ ಮಾತನ್ನು ಅಜ್ಜಯ್ಯ ನೋಡಿದ ಎಂದು. ನಾನು ಮಾಡಿದ್ದು ಬರಿಯ ಅಭ್ಯಾಸ, ಇನ್ನೂ ನಿಜವಾದ ಆಣೆಯಲ್ಲ ಎಂದು ತಿಳಿಸಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಅಭ್ಯಾಸಕ್ಕೆಂದು ಆಣೆ ಇಡುವ ಮನುಷ್ಯ ಇದ್ದಾನೆಂದು ಆಕೆ ನಂಬುವ ಹಾಗಿರಲಿಲ್ಲ. ಯೋಚಿಸಿದಷ್ಟೂ ನನಗೂ ಅದು ಸರಿಯೆನಿಸಿತು.

ಮನೆಯಲ್ಲಿ ನನ್ನ ಹೆಂಡತಿ ಕಮಲ ಈ ವಿದ್ಯೆಯನ್ನು ಸಹಿಸಿಕೊಂಡಳು ಎನ್ನಬೇಕು. ಊಟಕ್ಕೆ ಕೂತು ಸಾರಿಗೆ ಸನ್ನೆ ಮಾಡಿದರೆ ಮಜ್ಜಿಗೆ ಬಡಿಸುತ್ತಿದ್ದಳು. ಅದು ಬೇಕೆಂತಲೇ ಎಂದು ನನ್ನ ಗುಮಾನಿ. ರೈಲಿನಲ್ಲಿ ಮಾತ್ರ ಸುಖವಾಗಿತ್ತು. ಕಿಟಕಿಯ ಕಡೆ ತಿರುಗಿ ತಲೆಯ ಮೇಲೆ ಬೆರಳು ತಿರುಗಿಸುತ್ತ, ಆಕಳಿಸುತ್ತ, ಗಂಟಲು ಹಿಡಿದುಕೊಳ್ಳುತ್ತ ಕೂತ ಗಂಡಸನ್ನು ಕಂಡು ಜನ ಮೆಲ್ಲಗೆ ಎದ್ದು ಬೇರೆ ಕಡೆ ಹೋಗುತ್ತಿದ್ದರು. ದಾವಣಗೆರೆಯವರೆಗೆ ಕಾಲು ಚಾಚಿಕೊಂಡು ಬರುತ್ತಿದ್ದೆ.

ಸಾಕ್ಷಿಯ ದಿನ ಬಂತು. ಆಕೆ ಹೇಳಿದ್ದನ್ನು 'ನಾನು' ಎಂದೇ ಹೇಳಬೇಕು, 'ಆಕೆ' ಎನ್ನಬಾರದು ಎಂದು ಮುನ್ಸಿಫರು ನನಗೆ ಮೊದಲೇ ತಾಕೀತು ಮಾಡಿದ್ದರು. ಹಾಗಾಗಿ ದಪ್ಪ ಮೀಸೆಯ ನಾನು ತುಂಬಿದ ಕೋರ್ಟಿನಲ್ಲಿ ನಿಂತು, "ನಾನು ಬಸಮ್ಮ, ನನ್ನ ಗಂಡ ತೀರಿಕೊಂಡಿದ್ದಾನೆ" ಎಂದೆ. ಹಿಂದಿನ ಬೆಂಚಿನವರು ನಕ್ಕರು. ಮುನ್ಸಿಫರೂ ಕಡತದಲ್ಲಿ ಮುಖ ಮರೆಸಿಕೊಂಡಂತೆ ಕಂಡಿತು. ಆಮೇಲೆ ಪರಮೇಶ್ವರಪ್ಪನವರು ಪಾಟೀಸವಾಲಿಗೆ ಎದ್ದರು. ಬಸಮ್ಮನ ಕಿವಿಯ ಹತ್ತಿರವೇ ಬಗ್ಗಿ, ಕೇಳದಿದ್ದವರಿಗೂ ಕೇಳುವಂತೆ, ಅದು ದಾರಿಯೇ ಅಲ್ಲ, ಆ ಸಂದಿಯಲ್ಲಿ ಇದುವರೆಗೆ ಒಬ್ಬ ನರಮನುಷ್ಯ ನಡೆದಾಡಿಲ್ಲ ಎಂದು ಗರ್ಜಿಸಿದರು. ನಾನು ಅದನ್ನು ಸನ್ನೆಗೆ ಇಳಿಸಿದೆ. ಬಸಮ್ಮ ಉತ್ತರ ಕೊಟ್ಟಳು. ಕೈ, ಹುಬ್ಬು, ಭುಜ, ಸೊಂಟ ಎಲ್ಲ ಸೇರಿಸಿ ಬಹಳ ಹೊತ್ತು ಕೊಟ್ಟಳು.

ಹೇಳಬೇಕಾದದ್ದು ನನ್ನ ಮನೆ ಮಾಲೀಕರ ಎದುರು ನಿಂತು ಹೇಳುವ ಮಾತಾಗಿರಲಿಲ್ಲ. ಮೆತ್ತಗಿನ ಪದಗಳಿಗಾಗಿ ತಡಕಾಡುತ್ತಿದ್ದೆ. ಮುನ್ಸಿಫರು ಏನಾಯಿತೆಂದು ಕೇಳಿದರು. ಬಸಮ್ಮ ನನ್ನನ್ನೇ ನೋಡುತ್ತಿದ್ದವಳು, ಸದ್ದಿಲ್ಲದೆ ಗಂಟಲು ಮುಟ್ಟಿಕೊಂಡು ತಲೆಯ ಮೇಲೆ ಕೈ ಮುಗಿದಳು. ಆ ಮುಖ ನೋಡಿದ ಮೇಲೆ ನನ್ನ ಬಾಡಿಗೆ ಮನೆ ಹೋದರೆ ಹೋಗಲಿ ಎನಿಸಿತು. ಕಣ್ಣು ಮುಚ್ಚಿಕೊಂಡು ಶುರುಮಾಡಿದೆ. ಮಾತು ತಾನಾಗಿಯೇ ಆಕೆಯ ಊರಿನ ಧಾಟಿಯಲ್ಲಿ ಬಂತು.

"ಈ ವಕೀಲ ಯಾಕ ನನ್ನ ಕಿವಿಯಾಗ ಉಗುಳ್ತಾನೆ? ಸಂದಿಯಾಗ ಯಾರೂ ಬಂದಿಲ್ಲ ಅಂತಾನಲ್ಲ, ಇವನೇ ಬಂದಿದ್ದ. ಹೋದ ಶ್ರಾವಣದಾಗ ಬಟ್ಟಿ ಮುಂದೆ ನಿಂತು ಬಿಸಿ ಮಂಡಕ್ಕಿ ಮುಕ್ಕಿ ಹೋದ. ಈ ಹೊಟ್ಟೆ ಹೊತ್ಕಂಡು ನೆಟ್ಟಗೆ ಬರಾಕ ಆಗಲಿಲ್ಲ, ಅಡ್ಡ ತಿರುಗಿ, ಗೋಡೆಗೆ ಬೆನ್ನು ತಿಕ್ಕಂತ ಬಂದ. ಹೋಗೋವಾಗ ಸಿಕ್ಕಿಹಾಕ್ಕಂಡ, ನಾನೇ ಹಿಂದಿನಿಂದ ದಬ್ಬಿದೆ."

ಮುನ್ಸಿಫರ ದೃಷ್ಟಿ ಮೆಲ್ಲಗೆ ಪರಮೇಶ್ವರಪ್ಪನವರ ಹೊಟ್ಟೆಯ ಮೇಲೆ ಬಂದು ನಿಂತಿತು. ಅವರೂ ಬಗ್ಗಿ ಅದನ್ನೇ ನೋಡಿಕೊಂಡರು. ಮಂಡಕ್ಕಿ ತಿಂದದ್ದು ಅವರಿಗೆ ನೆನಪಿತ್ತಂತೆ, ಆದರೆ ಆ ಸಂದಿಯೇ ಈ ಸಂದಿ ಎಂದು ಚನ್ನಪ್ಪ ಅವರಿಗೆ ತೋರಿಸಿರಲಿಲ್ಲ. "ಹೌದು ಸ್ವಾಮಿ, ಹೋಗಿದ್ದೆ. ಮಂಡಕ್ಕಿ ಭಾಳ ಚಲೋ ಇತ್ತು" ಎಂದರು. ದೊಡ್ಡ ಮನುಷ್ಯರು, ಸುಳ್ಳು ಹೇಳಲಿಲ್ಲ. ಕಕ್ಷಿದಾರನನ್ನು ಜಗುಲಿಗೆ ಕರೆದುಕೊಂಡು ಹೋಗಿ ಏನು ಹೇಳಿದರೋ, ಸಂಜೆಯೊಳಗೆ ರಾಜಿಯಾಯಿತು. ಗೋಡೆ ಬಿತ್ತು, ಬಸಮ್ಮ ಮತ್ತೆ ಬಟ್ಟಿ ಹಚ್ಚಿದಳು. ಆ ದಿನ ರೈಲಿನಲ್ಲಿ ನನಗೆ ಆದಷ್ಟು ಸಂತೋಷ ಬಡ್ತಿ ಬಂದಾಗಲೂ ಆಗಲಿಲ್ಲ.

ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಮಾರನೆಯ ಬೆಳಿಗ್ಗೆ ಕಮಲ, "ಕೋರ್ಟಿನಾಗ ಅಷ್ಟು ಧೈರ್ಯವಾಗಿ ಮಾತಾಡಿದೋರು ನೀವು. ಬಚ್ಚಲ ಬಾಗಿಲು ಮುರಿದು ಆರು ತಿಂಗಳಾತು, ಹಂಗೇ ಹೋಗಿ ಮಾಲೀಕರಿಗೆ ಒಂದು ಮಾತು ಹೇಳಿ ಬರ್ರಿ" ಎಂದಳು. ಎದೆಯುಬ್ಬಿಸಿಕೊಂಡೇ ಹೋದೆ. ಪರಮೇಶ್ವರಪ್ಪನವರು ಆರಾಮ ಕುರ್ಚಿಯಲ್ಲಿ ಕೂತಿದ್ದರು. ಸಿಟ್ಟಿನ ಸುಳಿವೂ ಇರಲಿಲ್ಲ. "ಬರ್ರಿ ರಾಯ್ರೆ, ಕೂಡ್ರಿ. ಏನು ಬಂದಿದ್ದು, ಹೇಳ್ರಿ" ಎಂದು ನಕ್ಕರು. ನನ್ನ ಕೈಗಳು ಮೇಲೆದ್ದು ಗಾಳಿಯಲ್ಲಿ ಒಂದು ಬಾಗಿಲಿನ ಆಕಾರ ಮಾಡಿದವು, ಅದರ ಕೀಲು ಮುರಿದದ್ದನ್ನೂ ತೋರಿಸಿದವು. ಬಾಯಿ ಮಾತ್ರ, "ಏನಿಲ್ಲ ಸ್ವಾಮಿ, ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದೆ" ಎಂದಿತು.

ಮನೆಗೆ ಬಂದಾಗ ಕಮಲ ಬಾಗಿಲಲ್ಲೇ ನಿಂತಿದ್ದಳು. ನಿನ್ನೆ ಮಾತಾಡಿದ್ದು ಬಸಮ್ಮ, ನಾನು ಇನ್ನೂ ಬಾಯಿ ಬಿಟ್ಟಿಲ್ಲ ಎಂದು ಹೇಳಿ, ಬಚ್ಚಲಿಗೆ ಗೋಣಿಚೀಲ ಕಟ್ಟಲು ಹೋದೆ.